ಗೋಳಗುಮ್ಮಟದ ಇಂಗ್ಲಿಷ್: ಸೆನೊಟಾಫ್, ಸ್ಕ್ವಿಂಚ್, ಕೋರ್ಬಲ್ ಎಲ್ಲಿಂದ ಬಂದವು?

ಪ್ರಶ್ನೆ: ವಿಜಯಪುರದಲ್ಲಿ ಪ್ರವಾಸಿ ಮಾರ್ಗದರ್ಶಿಯಾಗಲು ತಯಾರಿ ನಡೆಸಿದ್ದೇನೆ. ಇಲ್ಲಿನ ಸ್ಮಾರಕಗಳ ಬಗ್ಗೆ ಇಂಗ್ಲಿಷಿನಲ್ಲಿ ಏನು ಓದಿದರೂ ಸೆನೊಟಾಫ್, ಕ್ರಿಪ್ಟ್, ಪೆಂಡೆಂಟಿವ್, ಸ್ಕ್ವಿಂಚ್, ಕೋರ್ಬಲ್, ಆಪ್ಸ್ ಇಂಥ ಶಬ್ದಗಳೇ ಎದುರಾಗುತ್ತವೆ. ಡಿಕ್ಷನರಿ ತೆರೆದರೆ ಅರ್ಥ ಸಿಗುತ್ತದೆ, ಆದರೆ ನಾಲ್ಕು ದಿನಕ್ಕೆ ಮರೆತುಹೋಗುತ್ತದೆ. ಸ್ಕ್ವಿಂಚ್, ಪೆಂಡೆಂಟಿವ್ ಎರಡೂ ಒಂದೇ ಅನಿಸುತ್ತವೆ. ಇವುಗಳ ಮೂಲ ತಿಳಿದರೆ ನೆನಪಿನಲ್ಲಿ ಉಳಿಯುತ್ತವೆಯೇ? ಮೂಲವನ್ನು ಹುಡುಕುವುದು ಹೇಗೆ?

ಉತ್ತರ: ಮೂಲ ತಿಳಿದರೆ ಶಬ್ದ ನೆನಪಿನಲ್ಲಿ ಉಳಿಯುತ್ತದೆ, ನಿಜ. ಆದರೆ ಅರ್ಥ ಏನು ಎಂಬುದನ್ನು ಮೂಲ ತೀರ್ಮಾನಿಸುವುದಿಲ್ಲ. ಅದಕ್ಕೆ ಆ ಕಲ್ಲನ್ನೇ ನೋಡಬೇಕು. ನೀವು ಕೇಳಿದವೆಲ್ಲ ಪಂಡಿತರ ಮಾತಿನಂತೆ ಕಂಡರೂ ಇವುಗಳಲ್ಲಿ ಬಹುಪಾಲು ಗವಂಡಿಗಳ ಮಾತು. ಯುರೋಪಿನ ಕಲ್ಲುಕುಟಿಗರು ಕಣ್ಣಿಗೆ ಕಂಡ ಕಾಗೆ, ಇಟ್ಟಿಗೆ, ಚಕ್ರದ ಸುತ್ತುಪಟ್ಟಿಗಳ ಹೆಸರನ್ನು ಕಟ್ಟಡದ ಭಾಗಗಳಿಗೆ ಅಂಟಿಸಿದರು. ನಿಮ್ಮ ಊರಿನಲ್ಲಿ ಈ ಭಾಗಗಳಲ್ಲಿ ಬಹುಪಾಲು ನಡೆದು ಹೋಗುವ ದೂರದಲ್ಲಿವೆ. ಹಾಗಾಗಿ ಅಕಾರಾದಿಯಲ್ಲಿ ಓದುವುದನ್ನು ಬಿಟ್ಟು ಗೋಳಗುಮ್ಮಟದ ಒಳಗೆ ನಿಂತು ನೆಲದಿಂದ ಮೇಲಕ್ಕೆ ಓದಿ.

ಒಳಗೆ ಕಾಲಿಟ್ಟರೆ ನಡುವೆ ಎತ್ತರದ ಕಟ್ಟೆ, ಅದರ ಮೇಲೆ ಮುಹಮ್ಮದ್ ಆದಿಲ್ ಶಾ ಮತ್ತು ಅವನ ಮನೆಯವರ ಗೋರಿಗಳು. ನೋಡಲು ಗೋರಿಗಳೇ, ಆದರೆ ಅವು ಖಾಲಿ. 1656ರಲ್ಲಿ ತೀರಿಕೊಂಡ ಸುಲ್ತಾನನ ನಿಜವಾದ ಸಮಾಧಿ ಅದೇ ಕಟ್ಟೆಯ ನೇರ ಕೆಳಗೆ, ನೆಲಮಾಳಿಗೆಯಲ್ಲಿದೆ. ಮೇಲಿನದು ಸೆನೊಟಾಫ್, ಕೆಳಗಿನ ಕೋಣೆ ಕ್ರಿಪ್ಟ್. ಗ್ರೀಕಿನಲ್ಲಿ ಕೆನೊಸ್ ಎಂದರೆ ಖಾಲಿ, ತಾಫೊಸ್ ಎಂದರೆ ಗೋರಿ. ಎರಡೂ ಸೇರಿ ಕೆನೊತಾಫಿಯೊನ್ ಆಗಿ, ಲ್ಯಾಟಿನ್ ಮತ್ತು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಗೋರಿಯ ಮೇಲೆ ಕೆತ್ತುವ ಬರಹಕ್ಕೆ ಎಪಿಟಾಫ್ ಎನ್ನುವುದೂ ಅದೇ ತಾಫೊಸ್‌ನಿಂದ. ಎಪಿ ಎಂದರೆ ಮೇಲೆ.

ಇಲ್ಲೊಂದು ಸೂಕ್ಷ್ಮ ಇದೆ. ಇಂಗ್ಲೆಂಡಿನವರಿಗೆ ಸೆನೊಟಾಫ್ ಎಂದರೆ ಬೇರೆಲ್ಲೋ ಸತ್ತು ಮಣ್ಣಾದವರ ನೆನಪಿಗೆ ಕಟ್ಟಿದ ಸ್ಮಾರಕ. ಲಂಡನ್ನಿನ ವೈಟ್‌ಹಾಲ್‌ನಲ್ಲಿ 1920ರಲ್ಲಿ ವಾಸ್ತುಶಿಲ್ಪಿ ಲಟ್ಯೆನ್ಸ್ ಕಟ್ಟಿದ ಯುದ್ಧ ಸ್ಮಾರಕದ ಹೆಸರೇ ಸೆನೊಟಾಫ್. ಅಲ್ಲಿಂದ ಬಂದ ಪ್ರವಾಸಿಗೆ ನೀವು ಬರಿ ‘ಇದು ಸೆನೊಟಾಫ್’ ಎಂದರೆ ಸುಲ್ತಾನನನ್ನು ಬೇರೆ ಊರಿನಲ್ಲಿ ಹೂಳಿದ್ದಾರೆ ಎಂದು ತಿಳಿದುಕೊಂಡಾನು. ನಿಜವಾದ ಗೋರಿ ಇದರ ಕೆಳಗೇ ಇದೆ ಎಂಬ ಒಂದು ಮಾತನ್ನು ತಪ್ಪದೆ ಸೇರಿಸಿ. ಕೆಲವರು ಇದೇ ಗೋರಿಗಳನ್ನು ಸಾರ್ಕಾಫಗಸ್ ಎನ್ನುತ್ತಾರೆ. ಅದು ತಪ್ಪು. ಸಾರ್ಕಾಫಗಸ್ ಎಂದರೆ ಒಳಗೆ ಹೆಣ ಇರುವ ಕಲ್ಲಿನ ಪೆಟ್ಟಿಗೆ. ಗ್ರೀಕಿನಲ್ಲಿ ಆ ಪದಕ್ಕೆ ‘ಮಾಂಸ ತಿನ್ನುವುದು’ ಎಂದು ಅರ್ಥ. ಟರ್ಕಿಯ ಅಸ್ಸೊಸ್ ಬಳಿ ಸಿಗುವ ಒಂದು ಬಗೆಯ ಕಲ್ಲಿನಲ್ಲಿಟ್ಟ ಹೆಣ 40 ದಿನಗಳಲ್ಲಿ ಹಲ್ಲು ಬಿಟ್ಟು ಉಳಿದೆಲ್ಲ ಕರಗುತ್ತದೆ ಎಂದು ಪ್ರಾಚೀನ ರೋಮಿನ ಲೇಖಕ ಪ್ಲಿನಿ ಬರೆದಿಟ್ಟ. ಕಲ್ಲಿನ ಹೆಸರು ಪೆಟ್ಟಿಗೆಗೆ ಅಂಟಿತು.

ಕ್ರಿಪ್ಟ್‌ನ ಮನೆತನ ಇನ್ನೂ ದೊಡ್ಡದು. ಗ್ರೀಕಿನ ಕ್ರುಪ್ಟೊಸ್, ಅಂದರೆ ಅಡಗಿದ್ದು, ಅದರ ಮೂಲ. ವಾಟ್ಸ್‌ಆ್ಯಪ್‌ನಲ್ಲಿ ದಿನಾ ಕಾಣುವ ‘ಎನ್‌ಕ್ರಿಪ್ಟೆಡ್’, ಸುದ್ದಿಯಲ್ಲಿ ಕೇಳುವ ಕ್ರಿಪ್ಟೊಕರೆನ್ಸಿ, ಎರಡೂ ಇದೇ ಮನೆಯವು. ಇದೇ ಪದ ಆಡುಮಾತಿನ ಲ್ಯಾಟಿನ್ನಿನಲ್ಲಿ ಸವೆದು ಇಟಾಲಿಯನ್ನಿನಲ್ಲಿ ಗ್ರೊಟ್ಟಾ, ಅಂದರೆ ಗವಿ ಆಯಿತು. ಹದಿನೈದನೆಯ ಶತಮಾನದ ಕೊನೆಗೆ ರೋಮಿನಲ್ಲಿ ನೀರೋ ಚಕ್ರವರ್ತಿಯ ಹೂತುಹೋದ ಅರಮನೆ ಸಿಕ್ಕಿತು. ಮಣ್ಣು ತುಂಬಿ ಗವಿಯಂತಾಗಿದ್ದ ಆ ಕೋಣೆಗಳ ಗೋಡೆಯ ಮೇಲೆ ಅರ್ಧ ಮನುಷ್ಯ ಅರ್ಧ ಬಳ್ಳಿಯಂಥ ಚಿತ್ರಗಳಿದ್ದವು. ‘ಗವಿಯ ಚಿತ್ರ’ ಎಂಬ ಅರ್ಥದ ಗ್ರೊಟೆಸ್ಕಾ ಇಂಗ್ಲಿಷಿಗೆ ಬಂದು ಗ್ರೊಟೆಸ್ಕ್, ಅಂದರೆ ವಿಕಾರ, ಆಗಿ ನಿಂತಿತು. ಅಡಗಿದ್ದು ಎಂಬಲ್ಲಿಂದ ವಿಕಾರ ಎಂಬಲ್ಲಿಗೆ ಎಷ್ಟು ದೂರ! ಮೂಲ ನೋಡಿ ಅರ್ಥ ಊಹಿಸಬೇಡಿ ಎನ್ನುವುದು ಇದಕ್ಕೇ.

ಇಡೀ ಕಟ್ಟಡಕ್ಕೆ ಮಾಸಲೀಅಮ್ ಎನ್ನುತ್ತಾರೆ. ಇದು ಒಬ್ಬ ಮನುಷ್ಯನ ಹೆಸರು. ಈಗಿನ ಟರ್ಕಿಯ ಕಾರಿಯಾ ಪ್ರಾಂತ್ಯವನ್ನು ಆಳಿದ ಮಾಸೊಲಸ್ ಕ್ರಿ.ಪೂ. 353ರಲ್ಲಿ ಸತ್ತ. ಅವನಿಗಾಗಿ ಹೆಂಡತಿ ಆರ್ಟೆಮಿಸಿಯಾ ಹಾಲಿಕಾರ್ನಾಸಸ್‌ನಲ್ಲಿ ಕಟ್ಟಿಸಿದ ಗೋರಿ ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲೊಂದಾಯಿತು. ಅಲ್ಲಿಂದ ಎಲ್ಲ ಭವ್ಯ ಗೋರಿಗಳಿಗೂ ಅವನ ಹೆಸರೇ. ವಿಜಯಪುರದ ಇನ್ನೊಂದು ಗೋರಿ ಇಬ್ರಾಹಿಂ ರೋಜಾದ ‘ರೋಜಾ’ ಮಾತ್ರ ಬೇರೆ ದಾರಿ ಹಿಡಿದಿದೆ. ಅರಬ್ಬಿಯ ರೌಜಾ ಎಂದರೆ ತೋಟ.

ಈಗ ಕತ್ತೆತ್ತಿ. ನಿಮ್ಮ ಗೊಂದಲ ಇರುವುದು ಇಲ್ಲಿಯೇ, ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗೋಣ. ಹಜಾರ ಚೌಕ, ಒಂದೊಂದು ಮಗ್ಗುಲು ಸುಮಾರು 135 ಅಡಿ. ಗುಮ್ಮಟ ದುಂಡಗಿದೆ, ಒಳ ವ್ಯಾಸ ಸುಮಾರು 124 ಅಡಿ. ಚೌಕದ ಮೇಲೆ ವೃತ್ತ ಕೂರಿಸಿದರೆ ನಾಲ್ಕು ಮೂಲೆಗಳಲ್ಲಿ ಕೆಳಗೆ ಆಸರೆಯೇ ಇಲ್ಲದ ಜಾಗ ಉಳಿಯುತ್ತದೆ. ಅದನ್ನು ತುಂಬುವುದಕ್ಕೆ ಎರಡು ಹಳೆಯ ಉಪಾಯಗಳಿವೆ. ಮೂಲೆಗೆ ಅಡ್ಡಲಾಗಿ ಒಂದು ಸಣ್ಣ ಕಮಾನನ್ನೋ, ಒಂದರ ಮೇಲೊಂದು ಹೊರಚಾಚಿದ ಕಲ್ಲುಗಳನ್ನೋ ಕಟ್ಟಿ ಚೌಕವನ್ನು ಎಂಟು ಮೂಲೆ ಮಾಡಿ, ಅದರ ಮೇಲೆ ವೃತ್ತ ಕೂರಿಸುವುದು ಒಂದು. ಅದು ಸ್ಕ್ವಿಂಚ್. ಮೂಲೆಯಿಂದಲೇ ಬಾಗುತ್ತ, ಅಗಲವಾಗುತ್ತ ಮೇಲೇರಿ ವೃತ್ತವನ್ನು ಮುಟ್ಟುವ ತ್ರಿಕೋನದ ಮೈ ಕಟ್ಟುವುದು ಇನ್ನೊಂದು. ಅದು ಪೆಂಡೆಂಟಿವ್. ಗುರುತಿಸುವುದು ಸುಲಭ: ಮೂಲೆಗೆ ಅಡ್ಡ ಕಮಾನು ಕಟ್ಟಿ ಅದರ ಹಿಂದೆ ಗೂಡು ಉಳಿದಿದ್ದರೆ ಸ್ಕ್ವಿಂಚ್. ಗೂಡೇ ಇಲ್ಲದೆ ಮೈ ತಾನೇ ಬಾಗಿ ಮುಂದೆ ಬಂದಿದ್ದರೆ ಪೆಂಡೆಂಟಿವ್.

ಹೆಸರುಗಳೂ ಇದನ್ನೇ ಹೇಳುತ್ತವೆ. ಹಳೆ ಫ್ರೆಂಚಿನ ಎಸ್ಕ್ವಾನ್ಸನ್ ಇಂಗ್ಲಿಷಿನಲ್ಲಿ ಸ್ಕಂಚನ್ ಆಯಿತು, ಅದು ಮೊಟಕಾಗಿ ಸ್ಕಂಚ್, ಕೊನೆಗೆ ಸ್ಕ್ವಿಂಚ್. ಅದರ ಹೊಟ್ಟೆಯೊಳಗಿನ ತುಣುಕು ‘ಕ್ವಾನ್’, ಫ್ರೆಂಚಿನಲ್ಲಿ ಮೂಲೆ ಅಥವಾ ಬೆಣೆ ಎಂದರ್ಥ. ಲ್ಯಾಟಿನ್ನಿನ ಕುನೆಯುಸ್, ಬೆಣೆ, ಅದರ ಅಜ್ಜ. ಜೇಬಿನಲ್ಲಿರುವ ಕಾಯಿನ್ ಕೂಡ ಇದೇ ವಂಶ: ನಾಣ್ಯಕ್ಕೆ ಅಚ್ಚೊತ್ತುವ ಬೆಣೆಯಾಕಾರದ ಉಕ್ಕಿನ ತುಂಡಿಗಿದ್ದ ಹೆಸರು ನಾಣ್ಯಕ್ಕೇ ಬಂತು. ಪೆಂಡೆಂಟಿವ್ ಬಂದದ್ದು ಲ್ಯಾಟಿನ್ನಿನ ಪೆಂಡೆರೆ, ತೂಗು ಎಂಬುದರಿಂದ. ಕೊರಳಿನ ಪೆಂಡೆಂಟ್, ಗಡಿಯಾರದ ಪೆಂಡುಲಮ್, ಕಚೇರಿಯಲ್ಲಿ ‘ಪೆಂಡಿಂಗ್’ ಬಿದ್ದ ಅರ್ಜಿ ಎಲ್ಲ ಅಣ್ಣತಮ್ಮಂದಿರು. ಮೂಲೆಗೆ ಸ್ಕ್ವಿಂಚ್, ತೂಗುವುದಕ್ಕೆ ಪೆಂಡೆಂಟಿವ್ ಎಂದು ಹಿಡಿದರೆ ಮತ್ತೆ ಗೊಂದಲ ಬರುವುದಿಲ್ಲ.

ಗೋಳಗುಮ್ಮಟದಲ್ಲಿರುವುದು ಯಾವುದು? ಪೆಂಡೆಂಟಿವ್, ಆದರೆ ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾದಲ್ಲಿರುವಂಥ ನುಣುಪು ತ್ರಿಕೋನವಲ್ಲ. ಇಲ್ಲಿ ಗೋಡೆಗಳಿಗೆ ಓರೆಯಾಗಿ ಎಂಟು ಕಮಾನುಗಳು ಎದ್ದು ಒಂದನ್ನೊಂದು ಕತ್ತರಿಸಿಕೊಂಡು ಹೋಗುತ್ತವೆ. ಕಾಗದದ ಮೇಲೆ ಒಂದು ಚೌಕ ಬರೆದು, ಅದೇ ಅಳತೆಯ ಇನ್ನೊಂದನ್ನು ಅದರ ಮೇಲೆ ತಿರುಗಿಸಿಟ್ಟು ಬರೆಯಿರಿ. ಎಂಟು ಮೂಲೆಯ ನಕ್ಷತ್ರ ಬರುತ್ತದೆ, ಅದೇ ಇಲ್ಲಿನ ನಕ್ಷೆ. ಕಮಾನುಗಳ ನಡುವಿನ ಮೈ ಒಳಕ್ಕೆ ವಾಲಿರುವುದರಿಂದ ಗುಮ್ಮಟ ಕೂರುವ ಜಾಗ ಕಿರಿದಾಗುತ್ತದೆ, ಪಿಸುಗುಟ್ಟುವ ಗ್ಯಾಲರಿಗೆ ಅಂಚೂ ಸಿಗುತ್ತದೆ. ಒಳಕ್ಕೆ ವಾಲಿದ ಆ ಭಾರವೇ ಗುಮ್ಮಟದ ಹೊರತಳ್ಳುವ ಒತ್ತಡಕ್ಕೆ ಎದುರಾಗಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ‘ಇಂಟರ್‌ಸೆಕ್ಟಿಂಗ್ ಪೆಂಡೆಂಟಿವ್ಸ್’ ಎಂದರೆ ಸರಿಯಾಗುತ್ತದೆ. ಬರಿ ಸ್ಕ್ವಿಂಚ್ ಎಂದು ಬರೆದಿರುವುದನ್ನೂ ನೋಡುತ್ತೀರಿ, ಒಪ್ಪಬೇಡಿ.

ಗುಮ್ಮಟಕ್ಕೆ ಡೋಮ್. ಲ್ಯಾಟಿನ್ನಿನ ಡೊಮುಸ್ ಎಂದರೆ ಮನೆ. ಇಟಲಿಯಲ್ಲಿ ದೇವರ ಮನೆ, ಅಂದರೆ ದೊಡ್ಡ ಚರ್ಚು, ದುವೊಮೊ ಆಯಿತು. ಅಂಥ ಚರ್ಚುಗಳ ಮೇಲೆ ಎದ್ದು ಕಾಣುತ್ತಿದ್ದದ್ದು ದುಂಡು ಚಾವಣಿ, ಕೊನೆಗೆ ಹೆಸರು ಚಾವಣಿಗೇ ಉಳಿಯಿತು. ಕನ್ನಡಿಗರಿಗೆ ಇಲ್ಲೊಂದು ಖುಷಿಯ ವಿಷಯ ಇದೆ. ಸಂಸ್ಕೃತದಲ್ಲಿ ಮನೆಗೆ ದಮ ಎಂಬ ಹಳೆಯ ಪದವಿದೆ, ಅದು ಡೊಮುಸ್‌ನ ಸೋದರ. ನಾವು ದಿನಾ ಲಗ್ನಪತ್ರಿಕೆಯಲ್ಲಿ ಓದುವ ‘ದಂಪತಿ’ಯ ಮೊದಲ ತುಣುಕು ಅದೇ: ದಂ-ಪತಿ, ಮನೆಯ ಒಡೆಯ.

ಹಾಗಂತ ಸದ್ದು ಹೊಂದಿದ ಕಡೆಯೆಲ್ಲ ನಂಟು ಕಟ್ಟಬಾರದು. ಬಾದಾಮಿಯಲ್ಲಿ ಕೇವ್ ಮತ್ತು ಗವಿ ಒಂದೇ ಎಂದು ಹೇಳುವವರಿದ್ದಾರೆ. ಕೇವ್ ಬಂದದ್ದು ಲ್ಯಾಟಿನ್ನಿನ ಕಾವುಸ್, ಟೊಳ್ಳು ಎಂಬುದರಿಂದ. ಗವಿಗೂ ಅದಕ್ಕೂ ಸಂಬಂಧ ಹೇಳಲು ಸದ್ದು ಬಿಟ್ಟು ಬೇರೆ ಆಧಾರವಿಲ್ಲ. ಡೊಮುಸ್-ದಮ ನಂಟನ್ನು ಒಪ್ಪುವುದು ಸದ್ದಿನ ಮೇಲಲ್ಲ, ಕ್ರಮದ ಮೇಲೆ. ಡೆಕೆಮ್-ದಶ, ಡೆನ್ಸ್-ದಂತ ಹೀಗೆ ಲ್ಯಾಟಿನ್ನಿನ ಡ ಇದ್ದಲ್ಲಿ ಸಂಸ್ಕೃತದಲ್ಲಿ ದ ಸಾಲುಸಾಲಾಗಿ ಬರುತ್ತದೆ. ಒಂದೇ ಜೋಡಿ ತೋರಿಸಿದವರನ್ನು ಇನ್ನೂ ನಾಲ್ಕು ಜೋಡಿ ಕೇಳಿ.

ಕೋರ್ಬಲ್‌ಗೆ ಹೊರಗೆ ಬನ್ನಿ. ಗೋಡೆಯಿಂದ ಹೊರಚಾಚಿ ಮೇಲಿನ ಭಾರ ಹೊರುವ ಕಲ್ಲು ಅದು. ಗೋಳಗುಮ್ಮಟದ ಅಗಲ ಕಾರ್ನಿಸ್, ಅಂದರೆ ಗೋಡೆಯ ಮೇಲ್ತುದಿಯಲ್ಲಿ ಹೊರಚಾಚಿದ ಅಂಚು, ಅದರ ಕೆಳಗೆ ಸಾಲಾಗಿ ಕಾಣುವ ಆಸರೆಗಳನ್ನು ನೋಡಿ. ಹಳೆ ಫ್ರೆಂಚಿನಲ್ಲಿ ಕೋರ್ಬೆಲ್ ಎಂದರೆ ಕಾಗೆಯ ಜಾತಿಯ ಹಕ್ಕಿ, ಮೂಲ ಲ್ಯಾಟಿನ್ನಿನ ಕೋರ್ವುಸ್. ನಮ್ಮ ಊರಕಾಗೆಯ ವೈಜ್ಞಾನಿಕ ಹೆಸರು ಕೋರ್ವಸ್ ಸ್ಪ್ಲೆಂಡೆನ್ಸ್‌ನಲ್ಲೂ ಅದೇ ಪದ. ಓರೆಯಾಗಿ ಕಡಿದ ಕಲ್ಲಿನ ತುದಿ ಪಕ್ಕದಿಂದ ಕೊಕ್ಕಿನಂತೆ ಕಂಡದ್ದು ಈ ಹೆಸರಿಗೆ ಕಾರಣ ಎನ್ನುತ್ತಾರೆ. ಕಾರ್ನಿಸ್‌ಗೂ ಕಾಗೆಯನ್ನೇ ತರುವ ಆಸೆ ಆಗುತ್ತದೆ, ಏಕೆಂದರೆ ಲ್ಯಾಟಿನ್ನಿನಲ್ಲಿ ಕೋರ್ನಿಕ್ಸ್ ಎಂದರೂ ಕಾಗೆಯೇ. ಆದರೆ ಬಾಗಿದ್ದು ಎಂಬ ಅರ್ಥದ ಗ್ರೀಕಿನ ಕೊರೊನಿಸ್ ಅದರ ಮೂಲ ಎನ್ನುವವರೂ ಇದ್ದಾರೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೋರ್ಬಲ್ ಖಚಿತ, ಕಾರ್ನಿಸ್ ಅನುಮಾನ. ಪ್ರವಾಸಿಗರ ಮುಂದೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಡಿ.

ಕಮಾನಿನ ಬಾಗಿಗೂ ಅದರ ಸುತ್ತಲಿನ ಚೌಕಟ್ಟಿಗೂ ನಡುವೆ ಎರಡು ಬದಿಯಲ್ಲಿ ಉಳಿಯುವ ತ್ರಿಕೋನವೇ ಸ್ಪ್ಯಾಂಡ್ರೆಲ್. ವಿಜಯಪುರದ ಕಮಾನುಗಳಲ್ಲಿ ಅಲ್ಲೊಂದು ದುಂಡು ಪದಕ, ಅದನ್ನು ಹೊತ್ತ ಬಾಗಿದ ಆಸರೆ ಕಾಣುತ್ತದೆ. ಆದಿಲ್ ಶಾಹಿ ಕೆಲಸವನ್ನು ಗುರುತಿಸಲು ಅದಕ್ಕಿಂತ ಸುಲಭದ ಗುರುತಿಲ್ಲ. ಈ ಪದ ಹರಡು ಎಂಬ ಅರ್ಥದ ಫ್ರೆಂಚ್ ಧಾತುವಿನಿಂದ ಬಂದಿರಬಹುದು, ಅಷ್ಟೇ. ಮಿನರೆಟ್ ಅರಬ್ಬಿಯ ಮನಾರಾದಿಂದ ಟರ್ಕಿ ಹಾದು ಬಂತು, ಬೆಳಕು ಎಂಬ ಅರ್ಥದ ನೂರ್ ಇದ್ದ ಧಾತುವೇ ಅದರದ್ದೂ. ಫಿನಿಯಲ್, ಅಂದರೆ ತುದಿಯ ಕಳಸ, ಫೈನಲ್‌ನ ಇನ್ನೊಂದು ರೂಪ.

ಬುನಾದಿಯ ಮೇಲಿನ ಕಟ್ಟೆಗೆ ಪ್ಲಿಂತ್. ಮನೆ ಕಟ್ಟಿಸುವವರೆಲ್ಲ ‘ಪ್ಲಿಂತ್ ಏರಿಯಾ’ ಎನ್ನುತ್ತಾರೆ, ಗ್ರೀಕಿನಲ್ಲಿ ಅದು ಇಟ್ಟಿಗೆ ಎಂದು ಯಾರಿಗೂ ಗೊತ್ತಿರಬೇಕಿಲ್ಲ. ಇಟ್ಟಿಗೆಯ ಇನ್ನೊಂದು ಹೆಸರು ಬೆಳಗಾವಿ ಕಡೆ ನೆಲದಲ್ಲೇ ಇದೆ. ಖಾನಾಪುರದತ್ತ ಸಿಗುವ ಕೆಂಪು ತೂತಿನ ಕಲ್ಲು ಲ್ಯಾಟರೈಟ್. ಲ್ಯಾಟಿನ್ನಿನ ಲಾತೆರ್ ಎಂದರೆ ಇಟ್ಟಿಗೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ನೋಡಿ 1807ರಲ್ಲಿ ಪ್ರಕಟಿಸಿದ ಬರಹದಲ್ಲಿ ಆ ಹೆಸರಿಟ್ಟ. ನೆಲದಲ್ಲಿದ್ದಾಗ ಹಾರೆಯಿಂದ ಕಡಿಯುವಷ್ಟು ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಅದನ್ನು ಜನ ಇಟ್ಟಿಗೆಯಂತೆ ಕತ್ತರಿಸಿ ಬಳಸುತ್ತಿದ್ದರು, ಹೆಸರಿಗೆ ಕಾರಣ ಅದು. ವಿಜಯಪುರದ ಕಪ್ಪು ಕಲ್ಲು ಡೆಕ್ಕನ್ ಟ್ರ್ಯಾಪ್. ಇದು ಇಲಿ ಹಿಡಿಯುವ ಟ್ರ್ಯಾಪ್ ಅಲ್ಲ. ಸ್ವೀಡಿಷ್ ಭಾಷೆಯ ಟ್ರಪ್ಪಾ ಎಂದರೆ ಮೆಟ್ಟಿಲು, ಲಾವಾ ಪದರಗಳು ಗುಡ್ಡದ ಮೈಮೇಲೆ ಮೆಟ್ಟಿಲಾಗಿ ಕಾಣುವುದರಿಂದ.

ಬೆಳಗಾವಿ ಕೋಟೆಯ ಸುತ್ತಲಿನ ಕಂದಕಕ್ಕೆ ಮೋಟ್. ಇದರ ಕಥೆ ತಲೆಕೆಳಗು. ಹಳೆ ಫ್ರೆಂಚಿನಲ್ಲಿ ಮೋಟ್ ಎಂದರೆ ದಿಬ್ಬ! ಸುತ್ತ ಅಗೆದ ಮಣ್ಣನ್ನು ನಡುವೆ ಪೇರಿಸಿ ಅದರ ಮೇಲೆ ಕೋಟೆ ಕಟ್ಟುತ್ತಿದ್ದರು. ಕಾಲ ಕಳೆದಂತೆ ದಿಬ್ಬದ ಹೆಸರು ಪಕ್ಕದ ಗುಂಡಿಗೆ ಜಾರಿತು.

ಬಾಗಲಕೋಟೆ ಕಡೆಯವರು ಕೇಳುವ ಎರಡು ಶಬ್ದಗಳನ್ನೂ ಹೇಳಿಬಿಡುತ್ತೇನೆ. ಐಹೊಳೆಯ ದುರ್ಗ ಗುಡಿಯ ಹಿಂಬದಿ ದುಂಡಗಿದೆ, ನಮ್ಮ ಶಾಸ್ತ್ರ ಅದನ್ನು ಗಜಪೃಷ್ಠ ಎನ್ನುತ್ತದೆ, ಇಂಗ್ಲಿಷಿನವರು ಆ ದುಂಡು ಭಾಗವನ್ನು ಆಪ್ಸ್, ಅಂಥ ಗುಡಿಯನ್ನು ಆಪ್ಸಿಡಲ್ ಎನ್ನುತ್ತಾರೆ. ಗ್ರೀಕಿನ ಹಾಪ್ಸಿಸ್ ಚಕ್ರದ ಸುತ್ತುಪಟ್ಟಿ. ಗ್ರಹದ ಕಕ್ಷೆಯಲ್ಲಿ ಅತಿ ಹತ್ತಿರದ, ಅತಿ ದೂರದ ಬಿಂದುಗಳಿಗೆ ಖಗೋಳದವರು ಆಪ್ಸಿಸ್ ಎನ್ನುವುದೂ ಅದೇ. ಅಂದಹಾಗೆ ಆ ಗುಡಿಯ ‘ದುರ್ಗ’ ದೇವಿಯಲ್ಲ, ಕೋಟೆ. ಹೆಸರು ನೋಡಿ ಮೂಲ ಊಹಿಸಿದವರು ಕನ್ನಡದಲ್ಲೂ ಎಡವುತ್ತಾರೆ. ಪಟ್ಟದಕಲ್ಲಿನಲ್ಲಿ ಗರ್ಭಗುಡಿಯ ಮುಂದಿನ ಅಂತರಾಳಕ್ಕೆ ವೆಸ್ಟಿಬ್ಯೂಲ್ ಎಂದು ಬರೆಯುತ್ತಾರೆ. ಒಲೆಯ ದೇವತೆ ವೆಸ್ಟಾಳಿಂದ ಬಂತು ಎಂಬ ಚೆಂದದ ವಿವರಣೆ ಸಿಕ್ಕರೆ ದಾಟಿ ಮುಂದೆ ಹೋಗಿ, ಲ್ಯಾಟಿನ್ನಿನ ವೆಸ್ಟಿಬುಲುಮ್‌ನ ಆಚೆಗೆ ಮೂಲ ಖಚಿತವಾಗಿಲ್ಲ.

ಇನ್ನು ಹುಡುಕುವ ಕ್ರಮ. ಆಕ್ಸ್‌ಫರ್ಡ್ ಅಥವಾ ಮೆರಿಯಮ್-ವೆಬ್‌ಸ್ಟರ್‌ನಂಥ ದೊಡ್ಡ ನಿಘಂಟು ಸಾಕು. ಜೇಬಿನ ಡಿಕ್ಷನರಿಯಲ್ಲಿ ಮೂಲ ಇರುವುದಿಲ್ಲ. ಮೂಲದ ಭಾಗ ಹೊಸದರಿಂದ ಹಳೆಯದಕ್ಕೆ ಹಿಂದುಹಿಂದಾಗಿ ಸಾಗುತ್ತದೆ. ಅದನ್ನು ನೋಟ್‌ಬುಕ್ಕಿನಲ್ಲಿ ತಿರುವಿ, ಹಳೆಯದರಿಂದ ಹೊಸದಕ್ಕೆ ಬರೆದುಕೊಳ್ಳಿ, ಕಥೆ ಸರಿದಾರಿಗೆ ಬರುತ್ತದೆ. ಪಕ್ಕದಲ್ಲಿ ಇಸವಿ ಕೊಟ್ಟಿದ್ದರೆ ಅದು ಪದ ಹುಟ್ಟಿದ ವರ್ಷವಲ್ಲ, ಈವರೆಗೆ ಸಿಕ್ಕ ಅತಿ ಹಳೆಯ ಬರಹದ ವರ್ಷ, ಇನ್ನೂ ಹಳೆಯದು ಸಿಕ್ಕರೆ ಬದಲಾಗುತ್ತದೆ. ಪದದ ಮೊದಲಿಗೆ ನಕ್ಷತ್ರದ ಗುರುತಿದ್ದರೆ ಆ ರೂಪ ಯಾವ ಬರಹದಲ್ಲೂ ಸಿಕ್ಕಿಲ್ಲ, ವಿದ್ವಾಂಸರು ಲೆಕ್ಕ ಹಾಕಿ ಕಟ್ಟಿದ್ದು. ‘ಹೋಲಿಸಿ ನೋಡಿ’ ಎಂಬ ಸಂಕೇತದ (cf.) ಮುಂದೆ ಬರುವ ಪದ ಮೂಲವಲ್ಲ, ನೆಂಟ ಮಾತ್ರ. ಹೊಸಬರು ಹೆಚ್ಚು ಎಡವುವುದು ಇಲ್ಲಿ. ‘ಬಹುಶಃ’, ‘ಪ್ರಾಯಶಃ’ ಎಂದಿದ್ದರೆ ಅದನ್ನೂ ಬರೆದುಕೊಳ್ಳಿ, ಮಾತಿನಲ್ಲೂ ಬಿಡಬೇಡಿ.

ಒಂದು ಪದಕ್ಕೆ ನೋಟ್‌ಬುಕ್ಕಿನಲ್ಲಿ ಒಂದು ಪುಟ ಕೊಡಿ. ಮೇಲೆ ಆ ಭಾಗ ಎಲ್ಲಿ ಕಾಣುತ್ತದೆ ಎಂದು ಬರೆದು ಒಂದು ಗೀರುಚಿತ್ರ ಹಾಕಿ, ಕೆಳಗೆ ಬಂದ ದಾರಿ, ಆಮೇಲೆ ನಿಮಗೆ ಮೊದಲೇ ಗೊತ್ತಿರುವ ಒಂದೆರಡು ನೆಂಟ ಪದಗಳು. ಚಿತ್ರ ಹಾಕಲು ಬಾರದು ಎಂದು ಬಿಡಬೇಡಿ. ಕೈಯಿಂದ ಗೆರೆ ಎಳೆದಾಗಲೇ ಸ್ಕ್ವಿಂಚ್ ಹಿಂದಿನ ಗೂಡು ತಲೆಗೆ ಹೋಗುತ್ತದೆ.

ಪದದ ಅಕ್ಷರಗಳನ್ನು ಬಿಡಿಸಿ ಹೇಳುವ ಕಥೆಗಳನ್ನು ಮಾತ್ರ ಕೂಡಲೇ ಅನುಮಾನಿಸಿ. ‘ಪಾಶ್ ಏರಿಯಾ’ ಎನ್ನುವಾಗಿನ ಪಾಶ್, ಭಾರತಕ್ಕೆ ಬರುವ ಹಡಗಿನಲ್ಲಿ ಹೋಗುವಾಗ ಎಡ, ಬರುವಾಗ ಬಲ ಬದಿಯ ತಂಪು ಕೋಣೆಯ ಟಿಕೆಟ್ಟಿನ ಮೇಲೆ ಒತ್ತುತ್ತಿದ್ದ ನಾಲ್ಕು ಅಕ್ಷರ (P.O.S.H., ಪೋರ್ಟ್ ಔಟ್ ಸ್ಟಾರ್‌ಬೋರ್ಡ್ ಹೋಮ್) ಎಂಬ ಕಥೆ ಬಹಳ ಓಡಾಡುತ್ತದೆ. ಅಂಥ ಮುದ್ರೆಯ ಒಂದು ಟಿಕೆಟ್ಟೂ ಈವರೆಗೆ ಸಿಕ್ಕಿಲ್ಲ. ಮೊದಲಕ್ಷರ ಜೋಡಿಸಿ ಪದ ಮಾಡುವ ಚಾಳಿ ಇಂಗ್ಲಿಷಿನಲ್ಲಿ ಇಪ್ಪತ್ತನೆಯ ಶತಮಾನಕ್ಕೆ ಮೊದಲು ಅಪರೂಪ.

ಉಚ್ಚಾರಣೆ ನೀವು ಕೇಳಿಲ್ಲ, ಆದರೆ ಬಾಯಿಬಿಟ್ಟು ಹೇಳಬೇಕಾದವರು ನೀವು. ಸೆನೊಟಾಫ್‌ನಲ್ಲಿ ಒತ್ತು ಮೊದಲಿನ ‘ಸೆ’ ಮೇಲೆ, ಮೊದಲ ಅಕ್ಷರ ‘ಕ’ ಅಲ್ಲ. ಮಾಸಲೀಅಮ್‌ನಲ್ಲಿ ಒತ್ತು ‘ಲೀ’ ಮೇಲೆ. ಸಾರ್ಕಾಫಗಸ್‌ನಲ್ಲಿ ‘ಕಾ’ ಮೇಲೆ, ಫ್ಯಾಗಸ್ ಎಂದು ಎಳೆಯಬೇಡಿ. ಪೆಂಡೆಂಟಿವ್‌ನಲ್ಲಿ ನಡುವಿನ ‘ಡೆನ್’ ಮೇಲೆ. ಮೋಟ್ ಎಂಬುದು ಬೋಟ್‌ಗೆ ಪ್ರಾಸ. ಸ್ಕ್ವಿಂಚ್‌ನ ಆರಂಭಕ್ಕೆ ಇ ಸೇರಿಸಿ ‘ಇಸ್ಕ್ವಿಂಚ್’ ಎನ್ನುವ ಅಭ್ಯಾಸವಿದ್ದರೆ ಮೊದಲು ಉದ್ದವಾಗಿ ‘ಸ್ಸ್’ ಎಂದು ಎಳೆದು ಆಮೇಲೆ ‘ಕ್ವಿಂಚ್’ ಸೇರಿಸಿ. ಎರಡು ದಿನ ಹಾಗೆ ಹೇಳಿದರೆ ಆ ಇ ತಾನೇ ಉದುರುತ್ತದೆ.